ಸಂಡಿಗೆ ಕಾಯ್ದ ದಿನಗಳು

ಶ್ಯಾಮಲಾ ಮತ್ತು ನಂದೀಶ್ ಒಂದೇ ಮಂಚವನ್ನು ಸರದಿಯ ಮೇಲೆ ಬಳಸುತ್ತಿದ್ದ ಗಂಡ ಹೆಂಡತಿ.

ಅವಳು ಪೀಣ್ಯದ ಗಾರ್ಮೆಂಟ್ಸ್ ಒಂದರಲ್ಲಿ ಚೆಕಿಂಗ್ ವಿಭಾಗದವಳು. ಬೆಳಿಗ್ಗೆ ಫ್ಯಾಕ್ಟರಿ ಬಸ್ಸು ಹತ್ತಿದರೆ ಚಿಕ್ಕಬಾಣಾವರದ ಮನೆಗೆ ಮರಳುವುದು ದೀಪ ಹಚ್ಚುವ ಹೊತ್ತಿಗೆ. ಅವನು ಅದೇ ಪೀಣ್ಯದ ಇನ್ನೊಂದು ಮೂಲೆಯಲ್ಲಿ ಕಬ್ಬಿಣದ ತಗಡು ಒತ್ತುವ ಪ್ರೆಸ್ ಶಾಪಿನಲ್ಲಿ ಆಪರೇಟರ್; ಕಾಯಂ ನೈಟ್ ಶಿಫ್ಟ್. ಅವಳು ಗೇಟು ತೆರೆದು ಒಳಗೆ ಬರುವಾಗ ಅವನು ಹೆಲ್ಮೆಟ್ ಹಿಡಿದು ಹೊರಟಿರುತ್ತಿದ್ದ.

"ಬಂದ್ಯಾ?" ಎಂದು ಅವನು ಕೇಳುತ್ತಿದ್ದ.

"ಹೊರಟ್ರಾ?" ಎಂದು ಅವಳು ಕೇಳುತ್ತಿದ್ದಳು.

ಮದುವೆಯಾಗಿ ವರ್ಷ ದಾಟಿದ್ದರೂ ಅವರ ಸಂಸಾರದ ಮಾತುಕತೆ ಹೆಚ್ಚುಕಡಿಮೆ ಅಷ್ಟರಲ್ಲೇ ಮುಗಿಯುತ್ತಿತ್ತು. ಭಾನುವಾರ ಒಂದು ರಾತ್ರಿ ಅವನು ಮನೆಯಲ್ಲಿರುತ್ತಿದ್ದ ನಿಜ. ಆದರೆ ಅವನ ಮೈಗೆ ರಾತ್ರಿಯ ನಿದ್ದೆ ಮರೆತೇಹೋಗಿತ್ತು. ಸದ್ದಾಗದಂತೆ ಎದ್ದು ಟೆರೇಸಿಗೆ ಹೋಗಿ ಅಡ್ಡಾಡುತ್ತಿದ್ದ. ಬೈಯುವವನಲ್ಲ, ಕುಡಿಯುವವನಲ್ಲ, ಒಂದು ದಿನಕ್ಕೂ ದನಿ ಏರಿಸಿದವನಲ್ಲ. ಅವನ ಮೇಲೆ ದೂರು ಹೇಳೋಣವೆಂದರೆ ಹೇಳಲು ಏನೂ ಇರಲಿಲ್ಲ. ಅವನು ಇರುತ್ತಲೇ ಇರಲಿಲ್ಲ, ಅಷ್ಟೆ.

ಅದನ್ನೂ ಅವಳು ಸಹಿಸಿಕೊಂಡಿದ್ದಳು. ಆದರೆ ಶಿವರಾತ್ರಿ ಕಳೆದ ಮೇಲೆ ಒಂದು ನಾಮಕರಣದ ಊಟದಲ್ಲಿ ಅವನ ಸಹೋದ್ಯೋಗಿಯ ಹೆಂಡತಿ, ಎಲೆಯ ಮುಂದೆ ಪಕ್ಕದಲ್ಲಿ ಕೂತವಳು, "ನಿಮ್ಮೆಜಮಾನ್ರು ತಾವಾಗೇ ಕೇಳಿ ನೈಟ್ ಶಿಫ್ಟ್ ತಗೊಂಡ್ರಂತಲ್ಲಾ ಅಕ್ಕಾ? ಅದೂ ಮದುವೆ ಆದ ಮೊದಲನೇ ವಾರದಲ್ಲೇ! ನಮ್ಮನೆಯವ್ರು ಹೇಳ್ತಿದ್ರು," ಎಂದು ನಕ್ಕಳು. ಶ್ಯಾಮಲಾ ಕೂಡ ನಕ್ಕಂತೆ ಮಾಡಿದಳು. ಫ್ಯಾಕ್ಟರಿಯವರು ಹಾಕಿದ ಶಿಫ್ಟು ಎಂದುಕೊಂಡಿದ್ದಳು ಅವಳು. ಕೇಳಿ ತೆಗೆದುಕೊಂಡದ್ದು!

ಅವತ್ತೇ ಚಂದಾಪುರದಲ್ಲಿದ್ದ ಅಣ್ಣ ಮನುವಿಗೆ ಫೋನ್ ಮಾಡಿದಳು. "ಯುಗಾದಿ ಮಾರನೇ ದಿನ ಬಾ ಅಣ್ಣಾ. ಬಂದು ಕರ್ಕೊಂಡು ಹೋಗು. ವಾಪಸ್ ಬರಲ್ಲ ನಾನು. ಇವ್ರಿಗೆಲ್ಲಾ ಆಮೇಲೆ ಹೇಳಿದ್ರಾಯ್ತು."

ಯುಗಾದಿಯ ಹಿಂದಿನ ಸಂಜೆ, ಕೊರೋನಾ ಕಾಯಿಲೆಯ ಭಯಕ್ಕೆ, ಇಡೀ ದೇಶಕ್ಕೇ ಬೀಗ ಬಿತ್ತು.

ಟೀವಿಯ ಮುಂದೆ ಮಾವ ನರಸಪ್ಪ ಬಾಯಿ ತೆರೆದು ಕೂತಿದ್ದರು. ಅತ್ತೆ ಭದ್ರಮ್ಮ ಹೂರಣಕ್ಕೆ ಬೇಳೆ ಬೇಯಿಸುತ್ತಿದ್ದವರು ಸೌಟು ಹಿಡಿದೇ ಹಾಲಿಗೆ ಬಂದರು. ಸೂಪರ್‌ವೈಸರ್ ಫೋನಿನಲ್ಲಿ "ಬರ್ಬೇಡಪ್ಪಾ, ಮುಂದೆ ಹೇಳೋವರ್ಗೂ ಬಂದ್" ಎಂದು ಆಗಷ್ಟೇ ಹೇಳಿದ್ದರಿಂದ ನಂದೀಶ್ ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡು ಬಾಗಿಲ ಬಳಿ ನಿಂತಿದ್ದ. ತನ್ನ ಮನೆಗೇ ನೆಂಟನಾಗಿ ಬಂದವನ ಹಾಗೆ, ಎಲ್ಲಿ ಕೂರಬೇಕೆಂದು ತಿಳಿಯದೆ.

ಶ್ಯಾಮಲಾ ಅವನನ್ನು ನೋಡಿದಳು. ಅವನೂ ನೋಡಿದ. ಇಬ್ಬರಿಗೂ ಒಂದೇ ಪ್ರಶ್ನೆ ಹೊಳೆಯಿತು. ಮಂಚ ಇರುವುದು ಒಂದೇ.

"ನಾನು ಅಪ್ಪನ ಜೊತೆ ಹಾಲಲ್ಲೇ ಮಲಗ್ತೀನಿ. ಒಳಗೆ ಸೆಕೆ," ಎಂದ ನಂದೀಶ್, ಯಾರೂ ಕೇಳದೆಯೇ.

ಸರಿ, ಎಂದುಕೊಂಡಳು ಶ್ಯಾಮಲಾ. ಲೋಕವೇ ನಿಂತುಹೋದರೂ ಈ ಮನುಷ್ಯ ಬದಲಾಗುವುದಿಲ್ಲ.

*

ಮೊದಲ ದಿನಗಳು ವಿಚಿತ್ರವಾಗಿದ್ದವು. ನಂದೀಶ್ ರಾತ್ರಿಯಿಡೀ ಎಚ್ಚರವಿದ್ದು ಹಗಲು ಕೂತಲ್ಲೇ ತೂಕಡಿಸುತ್ತಿದ್ದ. ಕೈಯಲ್ಲಿ ಒಬ್ಬಟ್ಟು ಹಿಡಿದುಕೊಂಡೇ ಒಮ್ಮೆ ನಿದ್ದೆ ಹೋದ. ಅಡುಗೆಮನೆಗೆ ಬಂದು ಸಕ್ಕರೆ ಡಬ್ಬಿ ಯಾವುದೆಂದು ಕೇಳಿದ. ಬಾತ್‌ರೂಮಿನ ನಲ್ಲಿ ಸೋರುತ್ತಿರುವುದು ಈಗಷ್ಟೇ ಗೊತ್ತಾದಂತೆ ರಿಪೇರಿಗೆ ಕೂತ.

"ಆರು ತಿಂಗಳಿಂದ ಸೋರ್ತಿದೆ," ಎಂದಳು ಶ್ಯಾಮಲಾ.

"ಹೇಳೋದಲ್ವಾ?"

"ಯಾವಾಗ?"

ಅವನು ತಲೆ ತಗ್ಗಿಸಿ ಸ್ಪ್ಯಾನರ್ ತಿರುಗಿಸಿದ.

ನರಸಪ್ಪನವರ ಹೊಲ ಇದ್ದ ಜಾಗದಲ್ಲಿ ಈಗ ಶೆಡ್ಡುಗಳಿದ್ದವು. ಮನೆಯ ಪಕ್ಕದ ಖಾಲಿ ಸೈಟಿನಲ್ಲಿ ಒಂದಿಷ್ಟು ದಂಟು, ಕೊತ್ತಂಬರಿ ಹಾಕಿಕೊಂಡು ಅವರು ಹೊತ್ತು ಕಳೆಯುತ್ತಿದ್ದರು. ಈಗ ಅದರ ಜೊತೆ ಟೀವಿ ನ್ಯೂಸು ಸೇರಿಕೊಂಡಿತು. ಮನೆಯಲ್ಲಿ ಯಾರು ಸೀನಿದರೂ ತಿರುಗಿ ನೋಡುತ್ತಿದ್ದರು. ಸ್ವತಃ ಸೀನಿದಾಗ ಮಾತ್ರ, "ಒಗ್ಗರಣೆ ಘಾಟು ಕಣಮ್ಮಿ," ಎನ್ನುತ್ತಿದ್ದರು.

ಯುಗಾದಿ ಕಳೆದು ಬಿಸಿಲು ಚುರುಗುಟ್ಟತೊಡಗಿದಾಗ ಭದ್ರಮ್ಮ ಒಂದು ದಿನ ಬೆಳಕು ಹರಿಯುವಾಗಲೇ ಅಕ್ಕಿ ಹಿಟ್ಟಿನ ಅಂಬಲಿ ಕಾಯಿಸಿದರು. ಜೀರಿಗೆ, ಹಸಿಮೆಣಸಿನಕಾಯಿ, ಉಪ್ಪು. ಟೆರೇಸಿನ ಮೇಲೆ ಮಾವನ ಹಳೆಯ ಪಂಚೆ ಹಾಸಿ ಅತ್ತೆ ಸೊಸೆ ಸಾಲಾಗಿ ಸಂಡಿಗೆ ಇಟ್ಟರು. ಅಷ್ಟರಲ್ಲಿ ನೀರಿನ ಟ್ಯಾಂಕಿನ ಮೇಲೆ ಕಾಗೆಗಳು ಬಂದು ಕೂತಾಗಿತ್ತು. ಹೋಟೆಲು ಮುಚ್ಚಿ ಅವುಗಳಿಗೂ ಹೊಟ್ಟೆಗಿಲ್ಲದ ಕಾಲ.

"ಕಾಯೋಕೆ ಜನ ಬೇಕು," ಎಂದರು ಭದ್ರಮ್ಮ. "ನಂದೀಸಾ, ಇಲ್ಲಿ ಬಾ. ಇಬ್ಬರೂ ಕೂತ್ಕಳ್ರಿ."

"ನಾನೊಬ್ಬಳೇ ಸಾಕು ಅತ್ತೆ," ಎಂದಳು ಶ್ಯಾಮಲಾ.

"ನಾನೊಬ್ಬನೇ ಕಾಯ್ತೀನಮ್ಮಾ," ಎಂದ ನಂದೀಶ್.

"ನೀನು ನಿದ್ದೆ ಒಡೀತೀಯ. ಇವಳು ಫೋನ್ ನೋಡ್ತಾಳೆ. ಒಬ್ಬರ ಮೇಲೆ ಬಿಟ್ರೆ ಒಂದು ಸಂಡಿಗೆನೂ ಉಳಿಯಕಿಲ್ಲ. ಇಬ್ಬರೂ ಕೂತ್ಕಳ್ರಿ ಅಂದೆ," ಎಂದು ಭದ್ರಮ್ಮ ಮೆಟ್ಟಿಲಿಳಿದು ಹೋದರು.

ಟ್ಯಾಂಕಿನ ನೆರಳು ಇದ್ದದ್ದು ಚಾಪೆಯಷ್ಟು ಜಾಗಕ್ಕೆ. ಅದರ ಈ ತುದಿಗೆ ಅವಳು, ಆ ತುದಿಗೆ ಅವನು. ಎದುರಿಗೆ ರೈಲು ಹಳಿ ಖಾಲಿ ಬಿದ್ದಿತ್ತು. ಪೀಣ್ಯದ ಕಡೆ ಯಾವ ಚಿಮಣಿಯಲ್ಲೂ ಹೊಗೆಯಿರಲಿಲ್ಲ. ಬೀದಿ ಕೊನೆಯ ಹೊಂಗೆ ಮರ ಎಳೆ ಹಸಿರು ಚಿಗುರಿ ಬಿಸಿಲಲ್ಲಿ ಹೊಳೆಯುತ್ತಿತ್ತು. ಯಂತ್ರಗಳ ಗುಂಯ್‌ಗುಟ್ಟುವಿಕೆ ಇಲ್ಲದ ಆ ಊರಲ್ಲಿ ಹಕ್ಕಿಗಳು ಇಷ್ಟೊಂದು ಇದ್ದವೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಅವನ ಮುಂಗೈಯಲ್ಲಿ ಸಣ್ಣ ಸಣ್ಣ ಗಾಯದ ಕಲೆಗಳಿದ್ದವು. ಕಬ್ಬಿಣದ ಚೂರು ಹಾರಿ ಆದದ್ದಿರಬೇಕು. ಬಿಸಿಲು ಕಣ್ಣಿಗೆ ಬಿದ್ದಾಗ ಅವನು ಕಣ್ಣು ಕಿರಿದು ಮಾಡಿದ. ಗುಡ್ಡೆಗಳು ಕಪ್ಪಲ್ಲ, ಕಾಫಿ ಡಿಕಾಕ್ಷನ್ನಿನ ಬಣ್ಣ. ಗಂಡನ ಕಣ್ಣನ್ನು ಅವಳು ಹಗಲು ಬೆಳಕಿನಲ್ಲಿ ನೋಡಿದ್ದು ಅದೇ ಮೊದಲು. ಅವನು ತಟ್ಟನೆ ತಿರುಗಿದ. ಅವಳು ಕಾಗೆಗೆ ಹುಷ್ ಎಂದಳು. ಅಲ್ಲಿ ಕಾಗೆ ಇರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅವಳಿಗೆ ಏನೋ ಅನುಮಾನವಾಯಿತು. ಪಂಚೆಯ ಆ ತುದಿಯ ಒಂದು ಸಾಲು ಗಿಡ್ಡವಾಗಿತ್ತು.

"ರೀ. ಅಲ್ಲಿದ್ದ ಸಂಡಿಗೆ ಏನಾಯ್ತು?"

"ಯಾವ್ದು?" ನಂದೀಶನ ಬಾಯಿ ತುಂಬಿತ್ತು.

"ಅಯ್ಯೋ! ಹಸೀದು ತಿಂತಿದೀರಾ?"

"ಅರೆ ಒಣಗಿದ್ರೇನೇ ರುಚಿ," ಎಂದ ಅವನು, ಸಿಕ್ಕಿಬಿದ್ದ ಹುಡುಗನ ಹಾಗೆ. "ಅಂಚು ಗರಿಗರಿ, ನಡುವೆ ಮೆತ್ತಗೆ. ತಿಂದು ನೋಡು."

"ಅತ್ತೆ ಕಾಗೆ ಓಡ್ಸೋಕೆ ಕಾಗೆನೇ ಕೂರಿಸಿ ಹೋಗಿದ್ದಾರೆ!"

ಹೇಳಿ ಅವಳೇ ನಕ್ಕುಬಿಟ್ಟಳು, ತಡೆಯಲಾಗದೆ. ನಂದೀಶ್ ಅಗಿಯುವುದನ್ನು ನಿಲ್ಲಿಸಿದ. ಅವಳ ಮುಖವನ್ನೇ ನೋಡುತ್ತ ಕೂತ.

"ಏನ್ರೀ?"

"ಏನಿಲ್ಲ. ನೀನು ನಗೋದು ನೋಡಿರ್ಲಿಲ್ಲ."

ಅವಳು ಸೆರಗು ಸರಿಮಾಡಿಕೊಂಡು ಆ ಕಡೆ ತಿರುಗಿದಳು. ಕೈಗೆ ಸಿಕ್ಕ ಒಂದು ಸಂಡಿಗೆ ಎತ್ತಿ ಬಾಯಿಗೆ ಹಾಕಿಕೊಂಡಳು. ನಿಜವಾಗಿಯೂ ರುಚಿಯಾಗಿತ್ತು.

*

ಭದ್ರಮ್ಮನವರಿಗೆ ಆ ವರ್ಷ ಏನಾಯಿತೋ, ಸಂಡಿಗೆ ಮುಗಿಯಲೇ ಇಲ್ಲ. ಅಕ್ಕಿ ಸಂಡಿಗೆ ಆದ ಮೇಲೆ ಸಬ್ಬಕ್ಕಿ, ಅದಾದ ಮೇಲೆ ಬಾಳಕದ ಮೆಣಸಿನಕಾಯಿ, ಅದಾದ ಮೇಲೆ ಹಲಸಿನ ಹಪ್ಪಳ. ಯಾವುದಕ್ಕೂ ಕಾವಲು ಬೇಕು. ಕಾವಲಿಗೆ ಇಬ್ಬರು.

ನಡುವೆ ಒಂದೊಂದು ಸಂಜೆ ಹಳಿಯ ಗುಂಟ ಜನ ನಡೆದು ಹೋಗುತ್ತಿದ್ದರು. ತಲೆಯ ಮೇಲೆ ಗಂಟು, ಕಂಕುಳಲ್ಲಿ ಕೂಸು. ತಮ್ಮ ಊರು ಯಾವ ದಿಕ್ಕಿಗಿದೆಯೋ ಆ ದಿಕ್ಕಿಗೆ. ಭದ್ರಮ್ಮ ದೊಡ್ಡ ಪಾತ್ರೆಯಲ್ಲಿ ಚಿತ್ರಾನ್ನ ಕಲಸಿದರು. ಶ್ಯಾಮಲಾ ಪೊಟ್ಟಣ ಕಟ್ಟಿದಳು. ಅಪ್ಪ ಮಗ ಹೊತ್ತುಕೊಂಡು ಹೋಗಿ ಹಂಚಿ ಬಂದರು. ಅಂಥ ದಿನ ಟೆರೇಸಿನ ಮೇಲೆ ಇಬ್ಬರೂ ಹಳಿಯನ್ನೇ ನೋಡುತ್ತ ಕೂರುತ್ತಿದ್ದರು. ತಲೆಯ ಮೇಲೆ ಸೂರಿದೆ, ಡಬ್ಬಿಯಲ್ಲಿ ಅಕ್ಕಿಯಿದೆ, ಕೆಳಗೆ ಅತ್ತೆ ಮಾವ ಜಗಳವಾಡುವ ಸದ್ದಿದೆ ಎನ್ನುವುದೇ ದೊಡ್ಡ ಪುಣ್ಯವೆಂದು ಅವಳಿಗೆ ಅನ್ನಿಸುತ್ತಿತ್ತು. ಹಾಗೆ ಅನ್ನಿಸಿದಾಗ ಪಕ್ಕದಲ್ಲಿ ಅವನು ಕೂತಿರುವುದೂ ಅದರೊಳಗೇ ಸೇರಿರುತ್ತಿತ್ತು. ಯಾವಾಗ ಸೇರಿತೋ ತಿಳಿಯದು.

ಒಂದು ದಿನ ನಂದೀಶ್ ಗಂಟಲು ಸರಿಮಾಡಿಕೊಂಡು ಕೇಳಿದ. "ನಿಂಗೆ ಯಾವ ಬಣ್ಣ ಇಷ್ಟ?"

"ಇದನ್ನ ಹೆಣ್ಣು ನೋಡೋಕೆ ಬಂದ ದಿನ ಕೇಳ್ಬೇಕಿತ್ತು."

"ಹೆಂಗೆ ಕೇಳ್ಲಿ? ಎದುರಿಗೆ ನಿಮ್ಮ ಮಾವಂದಿರು, ಚಿಕ್ಕಪ್ಪಂದಿರು ಸಾಲಾಗಿ ಕೂತಿದ್ರು. ನಂಗೆ ಕಾಫಿ ಲೋಟ ಹಿಡಿಯೋಕೇ ಕೈ ನಡುಗ್ತಿತ್ತು."

"ಸರಿ, ಈಗ ಯಾರೂ ಇಲ್ಲ. ಈಗ ಕೇಳಿ."

ಅವಳು ಎದ್ದು ಕೆಳಗೆ ಹೋಗಿ ಮಜ್ಜಿಗೆಯ ಲೋಟವನ್ನು ತಟ್ಟೆಯಲ್ಲಿಟ್ಟುಕೊಂಡು, ತಲೆ ಬಗ್ಗಿಸಿ, ಒಂದೊಂದೇ ಹೆಜ್ಜೆ ಇಡುತ್ತ ಬಂದಳು. ನಂದೀಶ್ ಬೆನ್ನು ನೆಟ್ಟಗೆ ಮಾಡಿ ಲುಂಗಿ ಸರಿಪಡಿಸಿಕೊಂಡ.

"ಹೆಸರೇನಮ್ಮಾ?"

"ಶ್ಯಾಮಲಾ."

"ಹಾಡು ಬರುತ್ತಾ?"

"ಬರಲ್ಲ. ಬೈಯೋಕೆ ಬರುತ್ತೆ."

"ಹುಡುಗಿ ಒಪ್ಪಿಗೆ," ಎಂದು ಅವನು ಮಜ್ಜಿಗೆಯನ್ನು ಒಂದೇ ಗುಟುಕಿಗೆ ಕುಡಿದ. ಮೀಸೆಯ ಮೇಲೆ ಬಿಳಿ ಗೆರೆ ಉಳಿಯಿತು.

"ಅಷ್ಟು ಬೇಗ ಬೇಡ. ಹುಡುಗನ್ನೂ ವಿಚಾರಿಸ್ಬೇಕು." ಅವಳು ಎದುರಿಗೆ ಕೂತಳು. "ನಿದ್ದೇಲಿ ಗೊರಕೆ ಹೊಡೀತೀರಾ?"

"ಗೊತ್ತಿಲ್ಲ," ಎಂದ ನಂದೀಶ್. "ಯಾರೂ ಹೇಳಿಲ್ಲ."

ಆಟದ ನಡುವೆ ಆ ಮಾತು ಬಿದ್ದದ್ದೇ ಇಬ್ಬರ ನಗೆಯೂ ನಿಂತುಹೋಯಿತು. ಹೇಳಬೇಕಾಗಿದ್ದವಳು ಅವಳೇ ತಾನೇ? ಅವಳು ಖಾಲಿ ಲೋಟವನ್ನು ಕೈಯಲ್ಲಿ ತಿರುಗಿಸಿದಳು. ಅವನು ಹಳಿಯ ಕಡೆ ನೋಡಿದ. ಕಾಗೆಯೊಂದು ಇಳಿದು ಬಂದು ಹಪ್ಪಳದ ಚೂರು ಕಚ್ಚಿಕೊಂಡು ಹೋಯಿತು. ಯಾರೂ ಓಡಿಸಲಿಲ್ಲ.

*

ಅದೇ ವಾರ ಮನು ಫೋನ್ ಮಾಡಿದ. ಅವನದು ತರಕಾರಿ ಸಾಗಿಸುವ ಟಾಟಾ ಏಸ್.

"ಪಾಸ್ ಸಿಕ್ತು ಕಣೇ ಶ್ಯಾಮೂ! ಗುರುವಾರ ಯಶವಂತಪುರ ಯಾರ್ಡಿಗೆ ಟೊಮೆಟೊ ತರ್ತಿದೀನಿ. ಅಲ್ಲಿಂದ ನಿಮ್ಮನೆ ಎಷ್ಟು ದೂರ? ರೆಡಿಯಾಗಿರು. ಪೊಲೀಸ್ರು ಕೇಳಿದ್ರೆ ಅಮ್ಮಂಗೆ ಹುಷಾರಿಲ್ಲ ಅಂತೀನಿ."

ಅವಳು "ಹೂಂ" ಎಂದಳು. ಫೋನು ಇಟ್ಟ ಮೇಲೆ ಕೋಣೆಯ ಮಧ್ಯೆ ನಿಂತೇ ಇದ್ದಳು. ತಿಂಗಳ ಹಿಂದೆ ಇದೇ ಮಾತಿಗೆ ಎಷ್ಟು ಕಾದಿದ್ದಳು! ಈಗ ಯಾಕೋ ಎದೆ ಭಾರ. ಹಾಗೆಂದು ಬೇಡ ಎನ್ನಲೂ ನಾಲಿಗೆ ಏಳಲಿಲ್ಲ. ಬಿಸಿಲಲ್ಲಿ ಕೂತು ನಕ್ಕ ಮಾತ್ರಕ್ಕೆ ಸಂಸಾರವಾಯಿತೇ? ನಾಳೆ ಫ್ಯಾಕ್ಟರಿ ತೆರೆದರೆ ಮತ್ತೆ ಅದೇ ಗೇಟು, ಅದೇ ಹೆಲ್ಮೆಟ್ಟು.

ಆದರೆ ಹೇಳದೆ ಹೋಗುವುದು ಇನ್ನು ಸಾಧ್ಯವಿಲ್ಲ ಎನ್ನಿಸಿತು. ಒಬ್ಬ ಮನುಷ್ಯನ ಕಣ್ಣಿನ ಬಣ್ಣ ಗೊತ್ತಾದ ಮೇಲೆ ಕದ್ದು ಹೋಗಲಾಗುವುದಿಲ್ಲ.

ಮರುದಿನ ಟೆರೇಸಿನ ಮೇಲೆ ಹೇಳಿದಳು. "ಗುರುವಾರ ನಮ್ಮಣ್ಣ ಬರ್ತಿದಾನೆ."

"ಹೌದಾ? ಪಾಸ್ ಸಿಕ್ತಂತಾ?" ಅವನ ಮುಖ ಅರಳಿತು. "ಒಳ್ಳೇದಾಯ್ತು. ನಿಮ್ಮಮ್ಮನ್ನ ನೋಡ್ಕೊಂಡು ಬರ್ಬಹುದು ನೀನು."

"ನೋಡ್ಕೊಂಡು ಬರೋಕಲ್ಲ ರೀ." ಅವಳು ಅವನ ಮುಖ ನೋಡದೆ ಹೇಳಿದಳು. "ಹಬ್ಬದ ಮಾರನೇ ದಿನಾನೇ ಹೊರಟಿದ್ದೆ. ವಾಪಸ್ ಬರ್ಬಾರ್ದು ಅಂತ."

ಅವನು ಹಪ್ಪಳವೊಂದನ್ನು ತಿರುವಿ ಹಾಕಿದ. ಆಮೇಲೆ ಮೆಲ್ಲಗೆ, "ಸರಿ. ನಿಂಗೆ ಹೆಂಗೆ ಅನ್ಸುತ್ತೋ ಹಂಗೆ ಮಾಡು. ನಾನು ತಡೆಯಲ್ಲ," ಎಂದ.

ಅವಳಿಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು.

"ಇದೇ! ಇದೇ ನಿಮ್ಮ ಸಮಸ್ಯೆ! ತಡೆಯಲ್ವಂತೆ! ಯಾಕೆ ತಡೀತೀರಾ? ಮೊದಲನೇ ವಾರದಲ್ಲೇ ಸಾಹೇಬ್ರ ಹತ್ರ ಹೋಗಿ ನೈಟ್ ಶಿಫ್ಟ್ ಕೇಳಿ ತಗೊಂಡವರು ನೀವು! ನನ್ನ ಮುಖ ನೋಡೋಕೆ ಅಷ್ಟು ಕಷ್ಟ ಆಗಿದ್ರೆ ಯಾಕ್ರೀ ತಾಳಿ ಕಟ್ಟಿದ್ರಿ?"

ನಂದೀಶನ ಬಾಯಿ ತೆರೆದದ್ದು ಹಾಗೇ ಉಳಿಯಿತು. "ನನಗಾ? ನಿನ್ನ ಮುಖ... ನಿಂಗೆ ಕಷ್ಟ ಆಗ್ಬಾರ್ದು ಅಂತ ತಾನೇ ನಾನು ಹೋಗಿದ್ದು!"

"ನಂಗೇನು ಕಷ್ಟ?"

"ಮದುವೆ ಆಗಿ ಐದನೇ ದಿನ." ಅವನು ಪಂಚೆಯ ಅಂಚನ್ನು ಬೆರಳಲ್ಲಿ ಸುತ್ತತೊಡಗಿದ. "ನಾಳೆಯಿಂದ ರೂಮು ನಿಮ್ಮಿಬ್ಬರಿಗೇ ಅಂತ ಅಮ್ಮ ಅಂದಿದ್ರು. ಸಂಜೆ ನಿಂಗೆ ಅಂತ ಮಲ್ಲಿಗೆ ತಂದಿದ್ದೆ. ರೂಮಿನ ಬಾಗಿಲ ಹತ್ರ ಬಂದಾಗ ನೀನು ನಿಮ್ಮಮ್ಮನ ಹತ್ರ ಫೋನಲ್ಲಿ ಅಳ್ತಿದ್ದೆ. 'ಪಕ್ಕದಲ್ಲಿ ಮಲಗಿದ್ರೆ ಉಸಿರು ಕಟ್ಟುತ್ತಮ್ಮಾ. ಮೈಮೇಲೆ ಕಾಲು ಬಿದ್ರೆ ಸತ್ತೇ ಹೋಗ್ತೀನಿ ಅನ್ಸುತ್ತೆ. ಒಂದೇ ಒಂದು ರಾತ್ರಿ ಒಬ್ಬಳೇ ಮಲಗೋಕೆ ಬಿಟ್ರೆ ಕೈ ಮುಗೀತೀನಿ' ಅಂತಿದ್ದೆ. ನನ್ ಪಕ್ಕ ಮಲಗೋದಕ್ಕೇ ನಿಂಗೆ ಭಯ ಅಂದ್ಕೊಂಡು ನಾನು ಹಂಗೇ ವಾಪಸ್ ಹೋದೆ. ಹೂವನ್ನ ದೇವರ ಫೋಟೋಗೆ ಹಾಕ್ದೆ. ಮಾರನೇ ದಿನ ಸಾಹೇಬ್ರನ್ನ ಕೇಳ್ದೆ."

ಶ್ಯಾಮಲಾ ಅವನನ್ನೇ ನೋಡಿದಳು. ಆ ದಿನಗಳು ಒಂದೊಂದಾಗಿ ನೆನಪಿಗೆ ಬಂದವು. ಮದುವೆ ಮನೆಯ ನೆಂಟರು ಇನ್ನೂ ಹೋಗಿರಲಿಲ್ಲ. ಹಾಲಲ್ಲಿ ಗಂಡಸರು, ಕೋಣೆಯಲ್ಲಿ ಹೆಂಗಸರು. ಅವಳಿಗೆ ಜ್ವರ. ಮತ್ತು ಮಂಚದ ಮೇಲೆ ಅವಳ ಪಕ್ಕದಲ್ಲಿ...

"ರಾಮಕ್ಕತ್ತೆ!" ಎಂದಳು ಅವಳು.

"ಏನು?"

"ತುಮಕೂರಿನ ನಿಮ್ಮ ಸೋದರತ್ತೆ! ರಾಮಕ್ಕತ್ತೆ! ಐದು ದಿನ ನನ್ನ ಪಕ್ಕ ಮಲಗಿದ್ದು ಅವರು ಕಣ್ರೀ! ಆ ಗೊರಕೆ! ಆ ಕಾಲು! ಮೈಮೇಲೆ ಹಾಕಿದ್ರೆ ಒರಳುಕಲ್ಲು ಬಿದ್ದಂಗೆ! ನಾನು ಅವರ ಬಗ್ಗೆ ಹೇಳ್ತಿದ್ದೆ. ನೀವು ನನ್ನ ಪಕ್ಕ ಮಲಗಿದ್ದಾದ್ರೂ ಯಾವಾಗ?"

ನಂದೀಶ್ ಕಲ್ಲಿನಂತೆ ಕೂತ. ಆಮೇಲೆ ಅವನ ಭುಜ ಅಲುಗತೊಡಗಿತು. ನಗುತ್ತಿದ್ದಾನೆ ಎಂದುಕೊಂಡು ಅವಳೂ ನಕ್ಕಳು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಅವನು ನಗುತ್ತಿರಲಿಲ್ಲ. ತೋಳಿನಿಂದ ಮುಖ ಮುಚ್ಚಿಕೊಂಡಿದ್ದ.

"ಒಂದು ವರ್ಷ," ಎಂದ. "ಒಂದು ವರ್ಷ ರಾತ್ರಿ ಮೆಷಿನ್ ಮುಂದೆ ನಿಂತು ಯೋಚನೆ ಮಾಡ್ತಿದ್ದೆ. ಪಾಪ, ಹುಡುಗಿ ನೆಮ್ಮದಿಯಾಗಿ ಮಲಗಿರ್ತಾಳೆ ಅಂತ."

ಶ್ಯಾಮಲಾಳ ನಗೆಯೂ ಅಲ್ಲೇ ಕರಗಿತು. ತಾನು ಆ ರಾತ್ರಿಗಳಲ್ಲಿ ಎಷ್ಟು ನೆಮ್ಮದಿಯಾಗಿ ಮಲಗಿದ್ದಳೆಂಬುದನ್ನು ಹೇಳಲು ಅವಳಿಗೆ ಮನಸ್ಸಾಗಲಿಲ್ಲ. "ಒಂದು ಮಾತು ಕೇಳ್ಬಾರ್ದಿತ್ತಾ?" ಎಂದಳಷ್ಟೆ.

"ನೀನೂ ಕೇಳ್ಬಹುದಿತ್ತು."

ಅದೂ ನಿಜವೇ. ತಪ್ಪು ಯಾರದೆಂದು ಗೊತ್ತಾದರೂ ಹೋದ ವರ್ಷ ತಿರುಗಿ ಬರುವುದಿಲ್ಲ. "ನಂಗೆ ಯೋಚನೆ ಮಾಡೋಕೆ ಬಿಡಿ," ಎಂದು ಎದ್ದು ಕೆಳಗೆ ಹೋದಳು.

*

ಗುರುವಾರ ಬೆಳಿಗ್ಗೆ ಟಾಟಾ ಏಸ್ ಗೇಟಿನ ಮುಂದೆ ನಿಂತಿತು. ಮನು ಮುಖಕ್ಕೆ ಟವೆಲು ಸುತ್ತಿಕೊಂಡಿದ್ದ. ಒಳಗೆ ಬರಲೊಪ್ಪದೆ ಜಗಲಿಯ ಮೇಲೇ ಕೂತು ಭದ್ರಮ್ಮ ಕೊಟ್ಟ ಉಪ್ಪಿಟ್ಟು ತಿಂದ. ನರಸಪ್ಪ ಬಾಗಿಲಲ್ಲಿ ನಿಂತು ಚಂದಾಪುರದಲ್ಲಿ ಕಾಯಿಲೆ ಎಷ್ಟಿದೆ ಎಂದು ವಿಚಾರಿಸುತ್ತಿದ್ದರು.

ಶ್ಯಾಮಲಾ ಒಳಗೆ ಬಟ್ಟೆಯ ಬ್ಯಾಗಿನ ಮುಂದೆ ಕೂತಿದ್ದಳು. ಎರಡು ಸೀರೆ ಇಡುವುದು, ಒಂದು ತೆಗೆಯುವುದು. ಹೋಗಬೇಕು ಎಂದರೂ ಕಾಲು ಏಳುತ್ತಿಲ್ಲ, ಇರುತ್ತೇನೆ ಎಂದರೆ ಯಾರೂ ಇರು ಎಂದಿಲ್ಲ. ಬೇರೇನೂ ಬೇಕಿರಲಿಲ್ಲ ಅವಳಿಗೆ. ಯಾರಾದರೂ ಒಮ್ಮೆ ಬಾಯಿಬಿಟ್ಟು ಹೇಳಲಿ ಎಂದು ಜೀವ ಕಾಯುತ್ತಿತ್ತು.

"ಶ್ಯಾಮೂ, ಹೊತ್ತಾಯ್ತು ಕಣೇ!" ಎಂದು ಮನು ಕೂಗಿದ.

ಅವಳು ಬ್ಯಾಗು ಹಿಡಿದು ಹಾಲಿಗೆ ಬಂದಳು. ನಂದೀಶ್ ಬಾಗಿಲಿಗೆ ಅಡ್ಡವಾಗಿ ನಿಂತಿದ್ದ. ಹಣೆಯ ಮೇಲೆ ಬೆವರು.

"ಹೋಗ್ಬೇಡ," ಎಂದ.

ಮನು ಜಗಲಿಯಿಂದ ಕತ್ತು ಚಾಚಿ ಒಳಗೆ ನೋಡಿದ.

"ನಿನ್ನಿಷ್ಟ ಅಂದಿದ್ದು ಸುಳ್ಳು. ನನ್ನಿಷ್ಟಾನೂ ಇದೆ. ನೀನು ಇಲ್ಲಿರ್ಬೇಕು." ಅವನು ಅಷ್ಟಕ್ಕೇ ನಿಲ್ಲಿಸಲಿಲ್ಲ. "ಬೆಳಿಗ್ಗೆ ಏಳೋವಾಗ ನಿನ್ನ ಮುಖ ನೋಡ್ಬೇಕು ನಾನು. ಬೈಸ್ಕೋಬೇಕು. ನಂಗೆ ಮಾತಾಡೋಕೆ ಬರಲ್ಲ, ಕಲೀತೀನಿ. ಹೋಗ್ಬೇಡ ಶ್ಯಾಮಲಾ."

ಅಪ್ಪನ ಎದುರಿಗೆ, ಅಮ್ಮನ ಎದುರಿಗೆ, ಭಾವಮೈದುನನ ಎದುರಿಗೆ! ನರಸಪ್ಪ ಹೆಗಲ ಮೇಲಿನ ಟವೆಲು ತೆಗೆದು ಇಲ್ಲದ ಧೂಳನ್ನು ಕೊಡವಿದರು. ಮನು ಉಪ್ಪಿಟ್ಟಿನ ತಟ್ಟೆಯಲ್ಲಿ ಏನನ್ನೋ ಹುಡುಕತೊಡಗಿದ.

ಭದ್ರಮ್ಮ ಒಬ್ಬರೇ ನೆಟ್ಟಗೆ ಮಗನನ್ನು ನೋಡಿ, "ಅಲ್ಲ ಕಣ್ಲಾ, ಇಷ್ಟು ಮಾತು ಆಡೋಕೆ ದೇಸಾನೇ ಬಂದ್ ಮಾಡ್ಬೇಕಾಗಿತ್ತಾ ನಿಂಗೆ?" ಎಂದರು.

ಶ್ಯಾಮಲಾ ಬ್ಯಾಗನ್ನು ನೆಲಕ್ಕಿಟ್ಟಳು. ಕೆನ್ನೆ ಬಿಸಿಯಾಗಿತ್ತು. ಯಾರ ಮುಖವನ್ನೂ ನೋಡಲಾಗದೆ ಅಣ್ಣನ ಕಡೆ ತಿರುಗಿದಳು.

"ಅಣ್ಣಾ, ಅಮ್ಮಂಗೆ ಹೇಳು. ಬಸ್ ಬಿಟ್ಟ ಮೇಲೆ ಬರ್ತೀವಿ ಅಂತ."

"ಬರ್ತೀವಿ?" ಮನು ತಲೆಯೆತ್ತಿದ.

"ಹೂಂ. ಇಬ್ಬರೂ."

ಮನು ತಂಗಿಯನ್ನು ನೋಡಿದ, ನಂದೀಶನನ್ನು ನೋಡಿದ, ಟವೆಲಿನೊಳಗೇ ನಕ್ಕ. "ಟೊಮೆಟೊ ಒಂದು ಕ್ರೇಟ್ ಇಳ್ಸಿ ಹೋಗ್ತೀನಿ ಬಿಡು. ಖಾಲಿ ಕೈಲಿ ಬಂದೆ ಅನ್ಬಾರ್ದು." ಎರಡು ಡಬ್ಬಿ ಸಂಡಿಗೆಯೊಂದಿಗೆ ಅವನ ಗಾಡಿ ಚಂದಾಪುರಕ್ಕೆ ಹೊರಟಿತು.

ಮಧ್ಯಾಹ್ನ ಅಡುಗೆಮನೆಯಲ್ಲಿ ಆ ಟೊಮೆಟೊ ಹೆಚ್ಚುತ್ತ ಭದ್ರಮ್ಮ ತಾವಾಗಿಯೇ ಹೇಳಿದರು. "ನಂಗೆ ಗೊತ್ತಿತ್ತು ಕಣವ್ವಾ. ನೀನು ಅಬ್ಬದ ಮಾರನೇ ದಿನಕ್ಕೆ ನಿಮ್ಮಣ್ಣನ್ನ ಕರೆದಿದ್ದು. ಗ್ವಾಡೆ ತೆಳ್ಳಗಿದೆ."

ಶ್ಯಾಮಲಾಳ ಕೈಯಲ್ಲಿ ಚಾಕು ನಿಂತಿತು. "ಮತ್ತೆ ಯಾಕೆ ಏನೂ ಕೇಳ್ಲಿಲ್ಲ ಅತ್ತೆ?"

"ಏನಂತ ಕೇಳ್ಲಿ? ತಪ್ಪು ನಿಂದಲ್ಲ ಅಂತ ನಂಗೂ ಕಾಣ್ತಿತ್ತು. ನನ್ ಮಗ ಒಳ್ಳೆಯವನೇ, ಆದ್ರೆ ಬಾಯಿಗೆ ಬೀಗ. ಒಂದೇ ಕಡೆ ಕೂರಿಸಿದ್ರೆ ತೆಗೆದಾನು ಅಂದ್ಕಂಡೆ. ಇಲ್ದಿದ್ರೆ ಅಷ್ಟೊಂದು ಸಂಡಿಗೆ ಯಾರು ತಿಂತಾರೆ ಈ ಮನೇಲಿ?"

ಶ್ಯಾಮಲಾ ಚಾಕು ಕೆಳಗಿಟ್ಟು ಅತ್ತೆಯ ಭುಜಕ್ಕೆ ಹಣೆ ಆನಿಸಿದಳು. ಭದ್ರಮ್ಮ ಟೊಮೆಟೊ ಅಂಟಿದ ಕೈಯಿಂದಲೇ ಸೊಸೆಯ ಬೆನ್ನು ತಟ್ಟಿದರು. "ಸರಿ ಸರಿ. ಸಾರು ತಳ ಇಡಿಯುತ್ತೆ, ನೋಡು."

ಅವತ್ತು ರಾತ್ರಿ ಊಟವಾದ ಮೇಲೆ ನಂದೀಶ್ ಹಾಲಿನಲ್ಲಿದ್ದ ತನ್ನ ಚಾಪೆಯನ್ನು ಸುತ್ತಿ ಮೂಲೆಗಿಟ್ಟ. ನರಸಪ್ಪ ಟೀವಿಯಿಂದ ಕಣ್ಣು ತೆಗೆಯದೆ, "ಅಲ್ಲೇ ಇರ್ಲಿ ಬಿಡು. ನಂಗೇ ಬೇಕಾಗುತ್ತೆ," ಎಂದರು.

*

ಮೇ ತಿಂಗಳಲ್ಲಿ ಪೀಣ್ಯ ಮೆಲ್ಲಗೆ ಕಣ್ಣು ಬಿಟ್ಟಿತು. ಸೂಪರ್‌ವೈಸರ್ ಫೋನ್ ಮಾಡಿ ಸೋಮವಾರದಿಂದ ನೈಟ್‌ಗೆ ಬಾ ಎಂದಾಗ ನಂದೀಶ್ ಫೋನನ್ನು ಸ್ಪೀಕರ್‌ಗೆ ಹಾಕಿದ, ಹೆಂಡತಿಗೂ ಕೇಳಲೆಂದು.

"ಡೇ ಶಿಫ್ಟ್ ಬೇಕು ಸಾರ್."

"ಏನಪ್ಪಾ, ಮೊದಲು ನೀನೇ ತಾನೇ ನೈಟ್ ಬೇಕು ಅಂತ ಪ್ರಾಣ ತಿಂದಿದ್ದು?"

"ಆವಾಗ ನಂಗೆ ಮದುವೆ ಆಗಿರ್ಲಿಲ್ಲ ಸಾರ್."

"ಆಗಿತ್ತಲ್ಲೋ! ನಾನೇ ಊಟಕ್ಕೆ ಬಂದಿದ್ದೆ!"

ಶ್ಯಾಮಲಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಕೊನೆಗೆ ಒಂದು ವಾರ ಹಗಲು, ಒಂದು ವಾರ ರಾತ್ರಿ ಎಂದು ಇತ್ಯರ್ಥವಾಯಿತು. ಪೂರ್ತಿ ಸಿಗಲಿಲ್ಲ. ಆದರೆ ಸಿಕ್ಕಿದ್ದು ಅವರಿಗೆ ದಂಡಿಯಾಗಿತ್ತು.

ಅವಳ ಫ್ಯಾಕ್ಟರಿಯೂ ತೆರೆಯಿತು. ಮೊದಲ ದಿನ ಸಂಜೆ ತಾನೇ ಕರೆದುಕೊಂಡು ಹೋಗುತ್ತೇನೆ, ಬಸ್ಸು ಹತ್ತಬೇಡ ಎಂದಿದ್ದ ನಂದೀಶ್. ಶಿಫ್ಟು ಬಿಟ್ಟಿತು. ನೂರಾರು ಹೆಂಗಸರು ಒಟ್ಟಿಗೆ ಗೇಟು ದಾಟಿದರು. ಎಲ್ಲರಿಗೂ ಕಂಪನಿ ಕೊಟ್ಟ ಒಂದೇ ನೀಲಿ ಮಾಸ್ಕು, ತಲೆಗೆ ಒಂದೇ ಥರದ ಬಟ್ಟೆ, ಮೈಮೇಲೆ ಒಂದೇ ಏಪ್ರನ್ನು. ರಸ್ತೆಯ ಆಚೆ ಬೈಕುಗಳ ಸಾಲಿನಲ್ಲಿ ಗಂಡಸರು ಕತ್ತು ಉದ್ದ ಮಾಡಿ ಹುಡುಕುತ್ತಿದ್ದರು.

ಅವಳಿಗೆ ಒಂದು ತುಂಟತನ ಹೊಳೆಯಿತು. ಇಬ್ಬರು ಎತ್ತರದ ಗೆಳತಿಯರ ಹಿಂದೆ ಸರಿದು ನಿಂತಳು. ನೋಡೋಣ ಎಂದು.

ಅವನು ಯಾರನ್ನೂ ಹುಡುಕಲಿಲ್ಲ. ಬೈಕು ಸ್ಟಾರ್ಟ್ ಮಾಡಿ, ಗುಂಪನ್ನು ಬಳಸಿಕೊಂಡು, ನೆಟ್ಟಗೆ ಬಂದು ಅವಳ ಮುಂದೆ ನಿಲ್ಲಿಸಿದ. ಗೆಳತಿಯರು 'ಓಹೋ' ಎಂದರು.

ಅವಳು ಹತ್ತಿ ಕೂತಳು. ಸ್ವಲ್ಪ ದೂರ ಹೋದ ಮೇಲೆ ಅವನ ಕಿವಿಯ ಹತ್ತಿರ ಬಾಗಿ ಕೇಳಿದಳು. "ಅಷ್ಟು ಜನದಲ್ಲಿ ನಾನೇ ಅಂತ ಹೆಂಗೆ ಗೊತ್ತಾಯ್ತು?"

ಅವನು ಯೋಚಿಸಿದ. "ಅಷ್ಟು ಜನ ಇದ್ರಾ?" ಎಂದ.

ಆ ವರ್ಷ ಎಲ್ಲರೂ ಕಳೆದುಕೊಂಡದ್ದನ್ನೇ ಹೇಳುತ್ತಿದ್ದರು, ಹೇಳಬೇಕಾದದ್ದೂ ಅದೇ. ತನಗೆ ಸಿಕ್ಕಿದ್ದನ್ನು ಅವಳು ಯಾರ ಮುಂದೆಯೂ ಬಾಯಿಬಿಟ್ಟು ಹೇಳಲಿಲ್ಲ. ಎರಡೂ ಕೈಯಿಂದ ಅವನ ಸೊಂಟ ಬಳಸಿ ಹಿಡಿದಳು, ಅಷ್ಟೆ. ಚಿಕ್ಕಬಾಣಾವರದ ತಿರುವು ಬಂತು.

"ನೇರ ಮನೆಗಾ?" ಎಂದು ನಂದೀಶ್ ಕೇಳಿದ. "ಇಲ್ಲಾ ಸ್ವಲ್ಪ ಸುತ್ತಾಕ್ಕೊಂಡು ಹೋಗೋಣ್ವಾ? ಏಳು ಗಂಟೆಗೆ ಕರ್ಫ್ಯೂ. ಇನ್ನೂ ಟೈಮಿದೆ."

"ಸುತ್ತಾಕ್ಕೊಂಡೇ ಹೋಗೋಣ ರೀ," ಎಂದಳು ಶ್ಯಾಮಲಾ.

ಅವನು ಬೈಕನ್ನು ಆ ಕಡೆಗೆ ತಿರುಗಿಸಿದ.